ಲುಡಿ ಅಜ್ಜಿಯ ಮೊದಲನೇ ತಟ್ಟೆ

ಲುಡಿವಿನಾ ಅಂತ ಹೆಸರಿಟ್ಟೋರು ಯಾವುದೋ ಕಾಲದ ಪಾದ್ರಿ. ಊರಿಗೆಲ್ಲ ಅವಳು ಲುಡಿ. ನಾಗಾ ಪಟ್ಟಣದ ಕಡೆ ಹೋಗೋ ದೊಡ್ಡ ರಸ್ತೆ ತಿರುವಿನಲ್ಲಿ ಅವಳ ಊಟದಂಗಡಿ. ತಗಡಿನ ಮಾಡು, ನಾಲ್ಕು ಬೆಂಚು, ಮುಂದುಗಡೆ ಸಾಲಾಗಿ ಒಂಬತ್ತು ಪಾತ್ರೆ. ಬಂದೋರು ಒಂದೊಂದೇ ಮುಚ್ಚಳ ಎತ್ತಿ, ಮೂಗು ತೂರ್ಸಿ ನೋಡಿ, ಇದು ಹಾಕು ಅದು ಹಾಕು ಅಂತ ಬೆರಳು ತೋರ್ಸೋದು. ನಲವತ್ತು ವರ್ಷ ಸೌಟು ಅವಳ ಕೈಲೇ ಇತ್ತು. ಗಂಡ ಸತ್ತ ದಿನಾನೂ ಮಧ್ಯಾಹ್ನದ ಬಸ್ಸಿಗೆ ಬಡಿಸಿ ಆಮೇಲೆ ಅತ್ತಳು, ತಾಯಿ. ಹೆಣ ಕಾಯುತ್ತೆ, ಬಸ್ಸು ಕಾಯಲ್ಲ ಅಂದ್ಳಂತೆ.

ಬಸ್ಸು ಅಂದ್ರೆ ಮನಿಲಾದ್ದು. ಅದರ ಡ್ರೈವರು ತೆಬಾನ್. ಅವನಿಗೆ ಊಟ ಬಿಟ್ಟಿ, ಅದೂ ಎಲ್ಲರಿಗಿಂತ ಮೊದಲು. ಈ ರಸ್ತೇಲಿ ಅದೇ ಪದ್ಧತಿ. ಡ್ರೈವರ್ ಹೊಟ್ಟೆ ತಣ್ಣಗಿದ್ರೆ ಬಸ್ಸು ನಿಲ್ಲುತ್ತೆ, ಬಸ್ಸು ನಿಂತ್ರೆ ಐವತ್ತು ಜನ ಇಳೀತಾರೆ. ಅವನಿಗೆ ಮುನಿಸು ಬಂತೋ, ಬಸ್ಸು ಮುಂದಿನ ಅಂಗಡಿಗೆ ಹೋಯ್ತು ಅಂತಲೇ ಲೆಕ್ಕ.

ಲುಡಿ ಕೈ ಎಷ್ಟು ಸಿಹಿಯೋ ಬಾಯಿ ಅಷ್ಟು ಕಹಿ, ಅದನ್ನೂ ಹೇಳ್ಬೇಕಲ್ಲ. ಸೊಸೆ ರೊವೆನಾ ಹತ್ತೊಂಬತ್ತಕ್ಕೆ ಆ ಮನೆ ಸೇರಿದ್ದು. ಹನ್ನೆರಡು ವರ್ಷ ಹಿತ್ತಲ ನಲ್ಲಿ ಕೆಳಗೆ ತಟ್ಟೆ ಉಜ್ಜಿದಳು, ತಳ ಹಿಡಿದ ಸೀಕಲನ್ನ ತಿಂದಳು. ಒಲೆ ಹತ್ರ ಸೇರಿಸ್ಲಿಲ್ಲ ಅತ್ತೆ. ಒಂದೇ ಒಂದು ಸಲ ಹಂದಿ ಮಾಂಸ ಬೇಯಿಸಿದಳು ಪಾಪ. ಲಾರಿಯೋರೆಲ್ಲ ಕೂತಿದ್ದಾರೆ, ಲುಡಿ ಗಟ್ಟಿಯಾಗಿ, "ನಾಯಿಗೆ ಹಾಕಿದ್ದೆ ಕಣ್ರೋ. ಬಾಲ ಅಲ್ಲಾಡಿಸ್ತು, ಬೇಡ ಬೇಡ ಅಂತ!" ಅಂದುಬಿಟ್ಟಳು. ಲಾರಿಯೋರು ಬೆಂಚು ತಟ್ಟಿ ನಕ್ಕರು. ಮಗ ರೊಡೆಲ್ ಕೂಡ ನಕ್ಕ. ಅವನು ಹಂಗೇ, ಗಾಳಿ ಬಂದ ಕಡೆ ತೂರಿಕೊಳ್ಳೋನು.

ಆಮೇಲೆ ಲುಡಿಗೆ ಒಂದು ಜ್ವರ ಬಂತು. ಎಂಟು ದಿನಕ್ಕೆ ಜ್ವರ ಬಿಡ್ತು, ರುಚಿ ವಾಪಸ್ ಬರ್ಲಿಲ್ಲ, ವಾಸನೇನೂ ಇಲ್ಲ. ಯಾರಿಗೂ ಹೇಳ್ಲಿಲ್ಲ ಅವಳು. ಹೇಳಿದ್ರೆ ಸೌಟು ಸೊಸೆ ಪಾಲು! ಉಪ್ಪಿನ ಅಳತೆ ಕೈಗೆ ನೆನಪಿತ್ತು, ಅದರ ಮೇಲೇ ಒಂದೂವರೆ ವರ್ಷ ದಬ್ಬಿದಳು. ಸುಮ್ಮಸುಮ್ಮನೆ ನಾಲಿಗೆ ಚಪ್ಪರಿಸೋಳು, ನೋಡೋರಿಗೆ ಕಾಣ್ಲಿ ಅಂತ.

ತಟ್ಟೆ ತೊಳೆಯೋಳಿಗೆ ಗೊತ್ತಾಗದೆ ಇರುತ್ಯೇ? ಯಾವ ತಟ್ಟೇಲಿ ಎಷ್ಟು ಬಿಟ್ಟಿದ್ದಾರೆ ಅಂತ ದಿನಾ ನೋಡೋಳು ಅವಳೇ. ಒಂದು ದಿನ ಬಸ್ಸಿನ ಜನ ಪೂರ್ತಿ ಕೂತಿರೋವಾಗ ಬಿಸಿಬಿಸಿ ಬಟ್ಟಲು ತಂದಳು, ಮೇಲೆ ಈರುಳ್ಳಿ ಸೊಪ್ಪು ತೇಲ್ತಾ ಇದೆ. "ಅತ್ತೆ, ಮೀನಿನ ಸಾರಿಗೆ ಹುಳಿ ಸರಿಯಾಗಿದ್ಯಾ ನೋಡಿ."

ಲುಡಿ ಎರಡು ಗುಟುಕು ಕುಡಿದು ನಾಲಿಗೆ ಚಪ್ಪರಿಸಿದಳು. "ಹ್ಞೂಂ, ಹನ್ನೆರಡು ವರ್ಷಕ್ಕೊಂದು ಸಲ ಸರಿಯಾಗಿ ಮಾಡಿದೀಯ ನೋಡು."

"ಅದು ಸಾರಲ್ಲ ಅತ್ತೆ. ತಟ್ಟೆ ತೊಳೆದ ನೀರು. ಕಾಯಿಸಿ ತಂದೆ."

ಇಡೀ ಅಂಗಡಿ ನಕ್ಕಿತು. ತೆಬಾನ್ ಬಾಯ್ತುಂಬ ಬಿಟ್ಟಿ ಅನ್ನ ಇಟ್ಕೊಂಡು ನಕ್ಕ. ಅವತ್ತೇ ಸೌಟು ಕೈ ಬದಲಾಯಿತು.

ಲುಡೀನ ಪಾತ್ರೆ ಸಾಲಿನ ಪಕ್ಕ ಕುರ್ಚೀಲಿ ಕೂರಿಸಿ, ತುದಿಗೆ ಪ್ಲಾಸ್ಟಿಕ್ ಚೂರು ಕಟ್ಟಿದ ಕೋಲು ಕೊಟ್ಟಳು ರೊವೆನಾ, ನೊಣ ಓಡ್ಸೋಕೆ. ಅಂಗಡಿಗೆ ಹೊಸ ಬೋರ್ಡು ಬಂತು, 'ಲುಡಿ ಅಜ್ಜಿ ಕೈರುಚಿ' ಅಂತ, ಅವಳ ಮುಖಾನೇ ದೊಡ್ಡದಾಗಿ. ದೂರದೂರದ ಪ್ರವಾಸಿಗಳು ಇಳಿಯೋಕೆ ಶುರು ಆದ್ರು. ಮನಿಲಾದ ಹುಡುಗೀರು ಅವಳನ್ನ ತಬ್ಕೊಂಡು, "ಅಯ್ಯೋ ಅಜ್ಜಿ, ಎಂಥಾ ಕೈ ನಿಂದು!" ಅಂತ ಫೋಟೋ ಹಿಡಿಯೋರು. ಆ ಕೈ ನೊಣ ಓಡಿಸ್ತಾ ಇರ್ತಿತ್ತು.

ಇನ್ನು ಲಾಯಿಂಗ್ ವಿಷಯ. ಒಣಗಿಸಿದ ಕೆಸುವಿನೆಲೇನ ತೆಂಗಿನ ಹಾಲಲ್ಲಿ, ಮೆಣಸಿನಕಾಯಿ ಒಣಮೀನು ಹಾಕಿ ಬೇಯಿಸೋದು. ಹಾಲು ಇಂಗೋವರೆಗೂ ಸೌಟು ಆಡಿಸಬಾರದು. ಆಡಿಸಿದ್ರೆ ಎಲೆಗೆ ಸಿಟ್ಟು ಬಂದು ಗಂಟಲು ತುರಿಸುತ್ತೆ ಅಂತ ಆ ಕಡೆ ಮಕ್ಕಳಿಗೂ ಗೊತ್ತು. ಒಂದು ಗುರುವಾರ ರೊವೆನಾ ಸೌದೆಗೆ ಹಿತ್ತಲಿಗೆ ಹೋದಾಗ ಲುಡಿ ಎದ್ದಳು. ಸೌಟು ಹಾಕಿ ಗರಗರ ತಿರುಗಿಸಿಬಿಟ್ಟಳು, ತಳದಿಂದ. ತೆಬಾನ್ ಗಂಟಲು ತುರಿಸ್ಬೇಕು, ಬಸ್ಸು ಮುಂದಿನ ಅಂಗಡಿಗೆ ಹೋಗ್ಬೇಕು, ಸೊಸೆ ಸೌಟು ಬಿಸಾಕಿ ಅಳ್ಬೇಕು. ನಷ್ಟ ಆಗೋ ಅಂಗಡಿ ತನ್ನದೇ ಅಲ್ವೇ? ತನ್ನ ಮೂಗು ಕೊಯ್ದುಕೊಂಡಾದ್ರೂ ಎದುರಿನೋರಿಗೆ ಅಪಶಕುನ ಮಾಡೋ ಹೆಂಗಸು ಅದು.

ರೊವೆನಾ ಬಂದಳು. ಒದ್ದೆ ಸೌಟು ನೋಡಿದಳು. ಅತ್ತೆ ತೋಳಿಗೆ ಮೆತ್ತಿದ ಹಸಿರು ನೋಡಿದಳು.

ಬಸ್ಸು ಬಂತು. ತೆಬಾನ್ ಕೂತ. ರೊವೆನಾ ಒಂದು ತಟ್ಟೆ ತುಂಬ ಲಾಯಿಂಗ್ ಬಡಿಸಿ ಅತ್ತೆ ತೊಡೆ ಮೇಲಿಟ್ಟು, ಫೋನು ಹಿಡಿದು ನಿಂತೋರ ಕಡೆ ತಿರುಗಿದಳು. "ಇವತ್ತಿಂದ ನಮ್ಮಲ್ಲಿ ಅಜ್ಜಿ ಉಂಡ ಮೇಲೇ ಬೇರೆಯವರಿಗೆ!"

"ನನಗೆ ಹಸಿವಿಲ್ಲ," ಅಂದಳು ಲುಡಿ.

"ಯಾಕತ್ತೆ, ಅದರಲ್ಲಿ ಏನಾದ್ರೂ ಇದ್ಯಾ?"

"ತಿನ್ನಮ್ಮಾ ತಾಯಿ, ನನ್ನ ಹೊಟ್ಟೆ ಚುರುಗುಟ್ತಾ ಇದೆ," ಅಂದ ತೆಬಾನ್.

ತನ್ನ ಪಾತ್ರೇನ ತಾನೇ ಕೆಡಿಸಿದೆ ಅಂತ ಹೇಳೋಕಾಗುತ್ಯೇ, ನಲವತ್ತು ವರ್ಷ ಬೇಯಿಸಿದೋಳು? ಬಾಯಿಗಿಟ್ಟಳು. ಎರಡನೇ ತುತ್ತಿಗೆ ಗಂಟಲಲ್ಲಿ ಸೂಜಿ ಚುಚ್ಚಿದಂಗಾಯ್ತು. ಒಂದೂವರೆ ವರ್ಷದಿಂದ ಏನೂ ಗೊತ್ತಾಗದ ಬಾಯಿಗೆ ಗೊತ್ತಾಗಿದ್ದು ಅದೊಂದೇ.

"ಹೆಂಗಿದೆ ಅತ್ತೆ?"

"ಚೆನ್ನಾಗಿದೆ."

"ಮತ್ಯಾಕೆ ಕಣ್ಣೀರು?"

"ಖಾರ."

"ಅಜ್ಜಿಗೆ ಲಾಯಿಂಗ್ ಅಂದ್ರೆ ಪ್ರಾಣ," ಅಂತ ಇನ್ನೊಂದು ಸೌಟು ಸುರಿದಳು. "ತೆಬಾನಣ್ಣ, ಇವತ್ತಿಂದು ಪೂರ್ತಿ ಅಜ್ಜಿಗೇ. ನಿಮಗೆ ಹಂದಿ ಹಾಕ್ತೀನಿ." ತಟ್ಟೆ ಬರಿದಾಗೋವರೆಗೂ ಪಕ್ಕದಲ್ಲೇ ನಿಂತಿದ್ದಳು. ಉಳಿದದ್ದನ್ನ ಹಿತ್ತಲ ಹಂದಿಗೆ ಸುರಿದ್ರೆ ಅದು ಮೂಸಿ ಮುಖ ತಿರುಗಿಸ್ತು.

ಅವತ್ತಿಂದ ದಿನಾ ಮೊದಲನೇ ತಟ್ಟೆ ಲುಡಿಗೇ. ಆ ಒಂದು ತಟ್ಟೇಲಿ ಯಾವ ದಿನ ಎಲೆ ಬೆಂದಿರುತ್ತೆ, ಯಾವ ದಿನ ಇಲ್ಲ ಅನ್ನೋದು ರೊವೆನಾಗೆ ಮಾತ್ರ ಗೊತ್ತು. ಲುಡಿ ಗಂಟಲು ಒಡೆದು ಕಾಗೆ ಸ್ವರ ಆಗಿದೆ. ಬಂದೋರೆಲ್ಲ, ಎಂಥಾ ಸೊಸೆ ಪಡೆದಳಪ್ಪ ಅಂತಾರೆ. ತಟ್ಟೆ ಬಂದ ತಕ್ಷಣ ಫೋನುಗಳು ಮೇಲೇಳ್ತವೆ. ಲುಡಿ ಒಂದು ಸಲ ಸೊಸೆ ಮುಖ ನೋಡ್ತಾಳೆ, ತುತ್ತು ನುಂಗ್ತಾಳೆ, ಚೆನ್ನಾಗಿದೆ ಅಂತಾಳೆ. ಆಮೇಲೆ ತೆಬಾನ್ ಮುಚ್ಚಳ ಎತ್ತುತ್ತಾನೆ.