ತಪ್ಪು ನಂಬರ್ ಹೇಳಿದ ರೂಟರ್

ಸಿದ್ಧಾರ್ಥನಗರದ ನಮ್ಮ ಪುಟ್ಟ ಇಂಟರ್ನೆಟ್ ಕಂಪನಿಯ ರೂಟರನ್ನು ಅವತ್ತು ಒಂದು ದೊಡ್ಡ ಕಂಪನಿಯ ರೂಟರಿಗೆ ಜೋಡಿಸಬೇಕಿತ್ತು. ಈ ರೂಟರುಗಳಿಗೆ ಒಂದು ಶಿಸ್ತಿದೆ. ಮಾತು ಶುರುವಾಗುವ ಮೊದಲು ಎರಡೂ ತಮ್ಮ ತಮ್ಮ ನಂಬರ್ ಹೇಳಿಕೊಳ್ಳಬೇಕು. ನಾವು ಮೊದಲೇ ಬರೆದಿಟ್ಟ ನಂಬರಿಗೆ ಆ ಕಡೆಯ ರೂಟರ್ ಹೇಳಿದ್ದು ಹೊಂದದಿದ್ದರೆ ಸಂಪರ್ಕ ಅಲ್ಲೇ ಕಟ್.

ಬೆಳಗಿಂದ ಕಟ್ ಆಗುತ್ತಲೇ ಇತ್ತು.

"ತಪ್ಪು ನಿಮ್ಮ ಕಡೇದೇ ಕಣಮ್ಮ, ಎಲ್ಲ ಅಳಿಸಿ ಹೊಸದಾಗಿ ಹಾಕಿ. ಅಲ್ಲಿ ಸರ್ ಯಾರೂ ಇಲ್ವಾ?" ಅಂದರು ಫೋನಿನಲ್ಲಿ ಆ ಕಂಪನಿಯ ಎಂಜಿನಿಯರ್.

"ಇಲ್ಲಿ ಸೀನಿಯರ್ ನಾನೇ ಕಣ್ರೀ. ಒಂದಕ್ಷರಾನೂ ಮುಟ್ಟಲ್ಲ. ನೀವು ಮೇಲ್‌ನಲ್ಲಿ ಕೊಟ್ಟಿದ್ದು ಒಂದು ನಂಬರ್, ನಿಮ್ಮ ರೂಟರ್ ಹೇಳ್ತಿರೋದು ಇನ್ನೊಂದು. ನನ್ನ ಸ್ಕ್ರೀನಲ್ಲಿ ಕಾಣ್ತಿದೆ."

ಆ ಕಡೆ ಅವರು ಕೀಬೋರ್ಡ್ ಕುಟ್ಟಿ ನೋಡಿದರು. "ಓ, ಮೇಲ್‌ನಲ್ಲಿರೋದು ನಮ್ಮ ಹಳೇ ನಂಬರ್. ನೀವೇ ಬದಲಾಯಿಸ್ಕೊಂಡ್ಬುಡಿ, ಒಂದು ನಿಮಿಷದ ಕೆಲಸ."

"ತಪ್ಪು ನಮ್ಮದು ಅಂತ ಬರ್ದು ಕಳ್ಸಿ, ಆಮೇಲೆ ಬದಲಾಯಿಸ್ತೀನಿ."

ಅರ್ಧ ಗಂಟೆಯಲ್ಲಿ ಮೇಲ್ ಬಂತು. ತಪ್ಪು ಒಪ್ಪಿಕೊಂಡಿದ್ದರು, ಹೊಸ ನಂಬರೂ ಇತ್ತು. ಆದರೆ ಶುರುವಾಗಿದ್ದು "ಡಿಯರ್ ಸರ್" ಅಂತ.

ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿದ್ದ ನಮ್ಮ ರೂಟರನ್ನು ಒಮ್ಮೆ ನೋಡಿದೆ. ಬೆಳಗಿಂದ ಅದು ಮಾಡುತ್ತಿದ್ದುದನ್ನೇ ನಾನೂ ಮಾಡಿದೆ. "ಸರ್ ಇಲ್ಲಿ ಯಾರೂ ಇಲ್ಲ" ಅಂತ ಬರೆದು ಮೇಲ್ ವಾಪಸ್ ಕಳಿಸಿದೆ.