ಜಲಪಾತದೆದುರು ಮಗ್ಗದ ಮೇಸ್ತ್ರಿ

ಎಂಬತ್ತರ ದಶಕದಲ್ಲಿ ತಮಿಳುನಾಡಿನ ವೆಳ್ಳಕೋಯಿಲಿನ ನಮ್ಮ ಬೀದಿಯ ಪವರ್‌ಲೂಮ್ ಶೆಡ್ಡಿನಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಮಗ್ಗಗಳ ಗದ್ದಲದಲ್ಲಿ ಯಾರ ಮಾತೂ ಕೇಳಿಸದ ಕಾರಣ ಅಲ್ಲಿ ಎಲ್ಲವೂ ಕೈಸನ್ನೆ. ಅಂಗೈಯಿಂದ ಎದೆ ಬಡಿದುಕೊಂಡರೆ, ಕೆಲಸ ಬಿಟ್ಟು ಓಡಿ ಬಾ ಎಂದರ್ಥ. ಟೀ ಅಂಗಡಿಯಲ್ಲೂ ಸನ್ನೆಯಲ್ಲೇ ಸಕ್ಕರೆ ಕೇಳುವ ಅವರನ್ನು ನಾನು ಎದುರಿಗೇ ಅಣಕಿಸುತ್ತಿದ್ದೆ. "ಏನ್ ತಂಬಿ, ನನ್ ಕೈ ಬಾಡಿಗೆಗೆ ತಗಂಡಿಯಾ?" ಎಂದು ನಗುತ್ತಿದ್ದರು.

ಒಮ್ಮೆ ರಜೆಯಲ್ಲಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ನಾವೆಲ್ಲ ಕಾಡಿನ ಜಲಪಾತಕ್ಕೆ ಹೋದೆವು. ಸುಣ್ಣಕಲ್ಲಿನ ಬಿಳಿ ಬಂಡೆಗಳಿಂದ ಬೀಳುವ ನೀರಿನ ಸದ್ದಿಗೆ, ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗಿನಂತೆ, ಎದೆಯೇ ನಡುಗುತ್ತಿತ್ತು. ನಾನು ಅದರಡಿ ಸಿನಿಮಾ ನಾಯಕನಂತೆ ಕುಣಿಯುತ್ತಿದ್ದೆ. ನೋಡುವವರಿಗೆ ಒದ್ದೆ ಕೋಳಿಯಂತೆ ಕಂಡಿರಬೇಕು. ದಡದಲ್ಲಿದ್ದವರು ಏನೋ ಕೂಗುತ್ತಿದ್ದರು, ಒಂದಕ್ಷರವೂ ಕೇಳಿಸಲಿಲ್ಲ. ಮೇಸ್ತ್ರಿ ಮಾತ್ರ ಬಾಯಿ ತೆರೆಯದೆ ಅಂಗೈಯಿಂದ ಎದೆ ಬಡಿದುಕೊಂಡರು.

ನನ್ನನ್ನು ಕೇಳದೆಯೇ ನನ್ನ ಕಾಲು ಓಡಿತು. ದಡ ಹತ್ತಿ ತಿರುಗಿದರೆ, ಬೆಟ್ಟದ ಮೇಲೆಲ್ಲೋ ಸುರಿದ ಮಳೆಯ ಕೆಂಪು ನೀರು ನಾನು ನಿಂತಿದ್ದ ಬಂಡೆಯನ್ನು ನುಂಗಿತ್ತು. ಬಿಳಿ ಬೆಟ್ಟವೇ ಕೆಂಪಾಗಿ ಕೆಳಗಿಳಿಯುತ್ತಿರುವಂತಿತ್ತು.

ಮೇಸ್ತ್ರಿ ನನ್ನ ತೋಳು ಬಿಡಲಿಲ್ಲ. ಕತ್ತೆತ್ತಿ ಧುಮುಕುವ ನೀರನ್ನೇ ನೋಡುತ್ತ, ನನ್ನ ಕಿವಿಗೆ ಬಾಯಿಟ್ಟು ಕೂಗಿದರು:

"ಅಡೇಯಪ್ಪಾ! ಕರೆಂಟೇ ಇಲ್ದೆ ಓಡ್ತೈತೆ ನೋಡು ತಂಬಿ!"