ಇಲಿಗೂ ನಾಳ ಉಂಟು

ಮಗುವಿನ ಮಲ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿದ್ದು ಯಾಕೆ? ಬೆಳ್ತಂಗಡಿಯಲ್ಲಿ ಬಸ್ಸು ಹತ್ತುವಾಗ ಇದ್ದ ಪ್ರಶ್ನೆ ವೇಣೂರು ದಾಟಿದರೂ ಶ್ರೀಪ್ರಿಯಾಳ ತಲೆಯಿಂದ ಇಳಿಯಲಿಲ್ಲ.

ಹುಟ್ಟಿದ ವಾರ ಎಲ್ಲ ಮಕ್ಕಳ ಹಾಗೆ ಹಳದಿಯಾಗಿದ್ದ ಮಗು. ಎರಡನೇ ತಿಂಗಳು ಹಿಡಿದರೂ ಕಣ್ಣಿನ ಹಳದಿ ಹೋಗಿರಲಿಲ್ಲ. ಮೂತ್ರ ಬಟ್ಟೆಗೆ ಅರಿಶಿನದ ಕಲೆ ಬಿಡುತ್ತಿತ್ತು. ಮಲ ಮಾತ್ರ ಬಿಳಿ.

ಅತ್ತೆ ವಾಗ್ದೇವಿ ಮಾಣಿ ಊರ ಕಡೆಯ ನಾಟಿಮದ್ದಿನ ಪಂಡಿತರಿಂದ ಕಾಮಾಲೆಯ ಮದ್ದು ತರಿಸಿದ್ದರು. ಕುಡಿಯಬೇಕಾದವಳು ತಾಯಿ, ಎದೆಹಾಲಿನಲ್ಲಿ ಅದು ಮಗುವಿಗೆ ಹೋಗಬೇಕು. ಬೆಳಗ್ಗೆ ಬರಿಹೊಟ್ಟೆಗೆ ನೆಲನೆಲ್ಲಿಯ ರಸ, ಮಧ್ಯಾಹ್ನ ಉಪ್ಪಿಲ್ಲದ ಗಂಜಿ. ಪಥ್ಯ ಮುಗಿಯುವವರೆಗೆ ಬೇರೆ ಡಾಕ್ಟರರಿಗೆ ತೋರಿಸುವ ಹಾಗಿಲ್ಲ.

“ಅತ್ತೆ, ಒಮ್ಮೆ ಮಂಗಳೂರಿಗೆ ಹೋಗಿ ಬರುವ.”

“ಅರ್ಧ ಪಥ್ಯದಲ್ಲಿ ಎದ್ದು ಹೋದರೆ ಮದ್ದು ಹಿಡಿಯುತ್ತದಾ? ಶಶಿಕಿರಣನಿಗೂ ಹೀಗೇ ಆಗಿತ್ತು. ಈಗ ನೋಡು, ಗುಂಡುಕಲ್ಲಿನ ಹಾಗೆ ಇದ್ದಾನೆ. ನಿಮಗೆ ಮೈಸೂರಿನವರಿಗೆ ಎಲ್ಲದಕ್ಕೂ ಸ್ಕ್ಯಾನಿಂಗೇ ಆಗಬೇಕು!”

ಗಂಡ ಶಶಿಕಿರಣ ನಕ್ಕುಬಿಟ್ಟ. ವರ್ಷ ವರ್ಷವೂ ಯಕೃತ್ತಿನ ಪಾಠ ಮಾಡುವ ಶ್ರೀಪ್ರಿಯಾ ಕಣ್ಣು ಮುಚ್ಚಿ ಲೋಟ ಬರಿದು ಮಾಡಿದಳು.

ಮೂಡುಬಿದಿರೆಯ ಕಾಲೇಜಿನಲ್ಲಿ ಆ ದಿನ ಪ್ರಾಯೋಗಿಕ ತರಗತಿ. ಬದಲಿಗೆ ಯಾರೂ ಸಿಗದೆ ಬಾಣಂತಿಯನ್ನೇ ಕರೆಸಿದ್ದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದ ವಿದ್ಯಾರ್ಥಿನಿ ಶಹರ್ಬಾನು ಕೇಳಿದಳು, “ಮೇಡಂ, ಇದು ಹಂದಿಯದ್ದಲ್ವಾ? ಜೇನುಗೂಡಿನ ಹಾಗೆ ಗೋಡೆ ಗೋಡೆ ಕಾಣ್ತದೆ.”

“ಹೌದು. ಹಂದಿಯ ಯಕೃತ್ತಿನಲ್ಲಿ ಒಂದೊಂದು ಕೋಣೆಗೂ ನಾರಿನ ಬೇಲಿ. ಮನುಷ್ಯರದ್ದರಲ್ಲಿ ಬೇಲಿ ಅಷ್ಟು ಸ್ಪಷ್ಟ ಇರುವುದಿಲ್ಲ.”

“ಇದ್ದರೆ?”

“ಇದ್ದರೆ ರೋಗ. ಪಿತ್ತ ಹೊರಗೆ ಹೋಗದೆ ಒಳಗೇ ನಿಂತರೆ ಯಕೃತ್ತು ಹೀಗೇ ನಾರುಗಟ್ಟುತ್ತದೆ.”

ಪಕ್ಕದ ಮೇಜಿನಿಂದ ನಿಝಾರ್ ಬಾಯಿ ಹಾಕಿದ. “ಇಲಿಗೆ ಪಿತ್ತಕೋಶವೇ ಇಲ್ಲ ಮೇಡಂ. ನಮಗಿಂತ ಒಂದು ಸಾಮಾನು ಕಡಿಮೆ ಇಟ್ಟು ಸಂಸಾರ ಮಾಡ್ತದೆ!”

ಎಲ್ಲರೂ ನಕ್ಕರು. ಶ್ರೀಪ್ರಿಯಾಳೂ ನಗಲು ನೋಡಿದಳು. “ಕೋಶ ಇಲ್ಲದಿದ್ದರೂ ನಾಳ ಉಂಟು. ಇಲಿಗೂ, ಕುದುರೆಗೂ, ಪಾರಿವಾಳಕ್ಕೂ. ಪಿತ್ತ ಅದರಲ್ಲಿ ಕರುಳಿಗೆ ಇಳಿಯುತ್ತದೆ. ಅದರಿಂದಲೇ ಮಲಕ್ಕೆ ಬಣ್ಣ...”

ಅವಳು ಮೇಜಿನ ಅಂಚು ಹಿಡಿದುಕೊಂಡಳು. ನಾಳವೇ ಮುಚ್ಚಿಹೋಗಿದ್ದರೆ? ನೆಲನೆಲ್ಲಿಯ ರಸ ಯಾವ ದಾರಿ ತೆರೆದೀತು? ತಾನು ಉಪ್ಪಿಲ್ಲದ ಗಂಜಿ ಉಣ್ಣುತ್ತಿರುವಾಗ ಮಗುವಿನ ಆ ಅಂಗೈಯಷ್ಟು ಯಕೃತ್ತಿನಲ್ಲಿ ಬೇಲಿ ಬೆಳೆಯುತ್ತಿದೆ. ಆಪರೇಷನ್ ಆಗುವುದಿದ್ದರೆ ಹುಟ್ಟಿದ ಎರಡು ತಿಂಗಳೊಳಗೆ ಆಗಬೇಕು, ತಡವಾದಷ್ಟೂ ಫಲ ಕಡಿಮೆ. ಇದನ್ನೂ ಅವಳು ಓದಿದ್ದಳು.

“ಮೇಡಂ, ಕೂತುಕೊಳ್ಳಿ,” ಎಂದಳು ಶಹರ್ಬಾನು.

ಕೂರಲಿಲ್ಲ. ಜಗಲಿಗೆ ಬಂದಳು. ಎದೆ ಕಟ್ಟಿ ಹಾಲು ರವಿಕೆ ನೆನೆಸುತ್ತಿತ್ತು. ಫೋನಿನಲ್ಲಿ ಹೆರಿಗೆಯಾದಾಗಲೇ ಉಳಿಸಿಕೊಂಡಿದ್ದ ಮಂಗಳೂರಿನ ಮಕ್ಕಳ ಡಾಕ್ಟರರ ನಂಬರು. ಎಷ್ಟೋ ಸಲ ತೆರೆದು, ಅತ್ತೆಯ ಹೆಜ್ಜೆ ಕೇಳಿ ಮುಚ್ಚಿದ್ದಳು. ಈಗ ಒತ್ತಿದಳು.

“ಡಾಕ್ಟ್ರೇ, ನನ್ನ ಮಗುವಿನ ಮಲ ಬೆಳ್ಳಗಿದೆ. ಹಳದಿ ಇಳಿದೇ ಇಲ್ಲ. ಇವತ್ತೇ ನೋಡ್ತೀರಾ? ಮನೆಯಲ್ಲಿ ಯಾರಿಗೂ ಹೇಳಿಲ್ಲ... ಈಗಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡು ಬರ್ತೇನೆ.”